ಹ್ಯಾಂಡ್ ಲಿವರ್ ಸಡಿಲವಾಗಿದ್ದರೆ ಪಂಪು ಸತ್ತಿದೆ ಎಂದು ಅರ್ಥವಲ್ಲ: ಹಳೆಯ ಅಂಬಾಸಿಡರ್‌ನ ಎಸಿ ಪೆಟ್ರೋಲ್ ಪಂಪಿನ ಬಗ್ಗೆ ಅಧ್ಯಯನ ಟಿಪ್ಪಣಿ

ಸಿಂಧನೂರಿನ ಹೊರಗಿರುವ ನಮ್ಮ ಸೋದರಮಾವನ ಅಕ್ಕಿ ಗಿರಣಿಯ ಗೋದಾಮಿನಲ್ಲಿ 11 ವರ್ಷ ನಿಂತಿದ್ದ ಪೆಟ್ರೋಲ್ ಅಂಬಾಸಿಡರ್ ಒಂದನ್ನು ಚಾಲೂ ಮಾಡುವ ಕೆಲಸ ಕಳೆದ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂತು. ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರ್‌ಗಳಿಗೆ ಸ್ವಲ್ಪ ಆಯಿಲ್ ಬಿಟ್ಟು ಎರಡು ದಿನ ಹಾಗೆಯೇ ಇಟ್ಟ ಮೇಲೆ, ಮುಂದಿನಿಂದ ಹ್ಯಾಂಡಲ್ ಹಾಕಿದರೆ ಇಂಜಿನ್ ಸಲೀಸಾಗಿ ತಿರುಗಿತು. ಬ್ಯಾಟರಿ ಹೊಸದು, ಕಿಡಿಯೂ ಬರುತ್ತಿತ್ತು. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ ಪೆಟ್ರೋಲ್ ಮಾತ್ರ ಬರುತ್ತಿರಲಿಲ್ಲ. ಆ ನಾಲ್ಕು ದಿನಗಳಲ್ಲಿ ಕಲಿತದ್ದನ್ನು, ಮುಖ್ಯವಾಗಿ ತಪ್ಪು ತಿಳಿದದ್ದನ್ನು, ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಪಂಪು ಕೆಲಸ ಮಾಡುವ ಬಗೆ

ಟ್ಯಾಂಕಿನ ಪೆಟ್ರೋಲನ್ನು ಕಾರ್ಬೊರೇಟರಿಗೆ ಕಳಿಸುವ, ಗ್ಯಾರೇಜುಗಳಲ್ಲಿ ಎಸಿ ಪಂಪ್ ಎಂದೇ ಕರೆಯುವ ಪಂಪು (ಏರ್ ಕಂಡೀಷನರಿಗೂ ಇದಕ್ಕೂ ಸಂಬಂಧವಿಲ್ಲ) ಇಂಜಿನ್ನಿನ ಮಗ್ಗುಲಿಗೆ ಎರಡು ಬೋಲ್ಟುಗಳ ಮೇಲೆ ಕೂತಿರುತ್ತದೆ. ಅದರ ತೋಳು ಒಳಗೆ ಚಾಚಿ, ಇಂಜಿನ್ನಿನ ಕವಾಟಗಳನ್ನು ಆಡಿಸುವ ಕ್ಯಾಮ್‌ಶಾಫ್ಟಿನ ಮೇಲಿರುವ ಉಬ್ಬಿಗೆ ತಾಗಿಕೊಂಡಿರುತ್ತದೆ. ಉಬ್ಬು ತೋಳನ್ನು ಒತ್ತಿದಾಗ ಡಯಾಫ್ರಮ್ (ಪಂಪಿನೊಳಗಿನ ಬಗ್ಗುವ ಪೊರೆ) ಕೆಳಗೆ ಜಗ್ಗಲ್ಪಟ್ಟು ಟ್ಯಾಂಕಿನಿಂದ ಪೆಟ್ರೋಲ್ ಹೀರುತ್ತದೆ; ಉಬ್ಬು ಸರಿದಾಗ ಡಯಾಫ್ರಮ್ಮಿನ ಕೆಳಗಿರುವ ಸ್ಪ್ರಿಂಗ್ ಅದನ್ನು ಮೇಲಕ್ಕೆ ದಬ್ಬಿ ಕಾರ್ಬೊರೇಟರಿಗೆ ಕಳಿಸುತ್ತದೆ. ಅಂದರೆ ಹೀರುವುದು ಕ್ಯಾಮ್, ದಬ್ಬುವುದು ಸ್ಪ್ರಿಂಗ್. ಒತ್ತಡ ಎಷ್ಟು ಎಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗೇ ಹೊರತು ಇಂಜಿನ್ನಿನ ವೇಗವಲ್ಲ. ಆ ಒತ್ತಡವೂ ದೊಡ್ಡದಲ್ಲ, ಚದರ ಅಂಗುಲಕ್ಕೆ 2-3 ಪೌಂಡಿನ ಆಸುಪಾಸು. ಇಂಜೆಕ್ಷನ್ ಗಾಡಿಯ ಎಲೆಕ್ಟ್ರಿಕ್ ಪಂಪನ್ನು ಇಲ್ಲಿಗೆ ಜೋಡಿಸಿದರೆ ಕಾರ್ಬೊರೇಟರಿನ ನೀಡಲ್ (ಪೆಟ್ರೋಲ್ ಒಳಬರುವ ಬಾಯನ್ನು ಮುಚ್ಚುವ ಸೂಜಿ) ಅದರ ಒತ್ತಡವನ್ನು ತಡೆಯಲಾರದೆ ಪೆಟ್ರೋಲ್ ಉಕ್ಕಿ ಚೆಲ್ಲುವುದು ಇದೇ ಕಾರಣಕ್ಕೆ.

ಫ್ಲೋಟ್ ಬೌಲ್, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ತುಂಬಿ ನೀಡಲ್ ಮುಚ್ಚಿಕೊಂಡಾಗ ಪೆಟ್ರೋಲಿಗೆ ಹೋಗಲು ದಾರಿಯಿಲ್ಲದ ಕಾರಣ ಡಯಾಫ್ರಮ್ ಕೆಳಗೇ ನಿಂತುಬಿಡುತ್ತದೆ, ತೋಳು ಮಾತ್ರ ಬರಿದೇ ಆಡುತ್ತಿರುತ್ತದೆ. ಮುಂದಿನ ಇಡೀ ಗೊಂದಲದ ಬೀಜ ಈ ವಾಕ್ಯದಲ್ಲಿದೆ.

ನಾನು ಎಡವಿದ ಜಾಗ

ಪಂಪಿನ ಅಡಿಯಲ್ಲಿ ಕೈಯಿಂದ ಒತ್ತುವ ಒಂದು ಪುಟ್ಟ ಲಿವರ್ ಇದೆ. ಬಹಳ ದಿನ ನಿಂತ ಗಾಡಿಯಲ್ಲಿ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸುವ ಬದಲು ಈ ಲಿವರಿನಿಂದ ಬೌಲ್ ತುಂಬಿಸಿಕೊಳ್ಳಬೇಕು. ನಾನು ಒತ್ತಿದಾಗ ಲಿವರ್ ಸತ್ತ ಮೀನಿನಂತೆ ಜೋಲಾಡಿತು, ಬಿಗಿಯೆಂಬುದೇ ಇರಲಿಲ್ಲ. ಡಯಾಫ್ರಮ್ ಹರಿದಿದೆ ಎಂದು ತೀರ್ಮಾನಿಸಿ, ರಾಯಚೂರಿಗೆ ಹೋಗಿ ರಿಪೇರಿ ಕಿಟ್ ತಂದು, ಪಂಪು ಬಿಚ್ಚಿ ನೋಡಿದರೆ ಡಯಾಫ್ರಮ್ ಇಡಿಯಾಗಿಯೇ ಇತ್ತು.

ಪಕ್ಕದ ಷೆಡ್ಡಿನ ಉಸ್ತಾದರಿಗೆ ಹೇಳಿದಾಗ ಅವರು ನಕ್ಕರು. “ತಮ್ಮಾ, ಮೊದ್ಲ ಹ್ಯಾಂಡಲ್ ಒಂದು ಸುತ್ತು ತಿರುವಿ ನೋಡಬೇಕಿತ್ತು, ಆಮ್ಯಾಲ ಪಂಪಿಗೆ ಕೈ ಹಾಕಬೇಕಿತ್ತು” ಎಂದರು. ಇಂಜಿನ್ ನಿಲ್ಲುವಾಗ ಕ್ಯಾಮಿನ ಉಬ್ಬು ಪಂಪಿನ ತೋಳನ್ನು ಒತ್ತಿಕೊಂಡೇ ನಿಂತಿದ್ದರೆ ಡಯಾಫ್ರಮ್ ಆಗಲೇ ಕೆಳಗಿರುತ್ತದೆ. ಕೆಳಗೇ ಇರುವುದನ್ನು ಲಿವರ್ ಇನ್ನೆಲ್ಲಿಗೆ ಎಳೆಯಬೇಕು? ಆದ್ದರಿಂದಲೇ ಅದು ಸಡಿಲವಾಗಿ ಆಡುತ್ತದೆ.

ಇಷ್ಟು ಕೇಳಿದ ಮೇಲೂ ನನಗೆ ಬಗೆಹರಿಯದ ಒಂದು ಸಂಗತಿ ಉಳಿದಿತ್ತು, ಏಕೆಂದರೆ ಪಂಪು ಬಿಚ್ಚುವ ಮುನ್ನ ನಾನು ಹ್ಯಾಂಡಲ್ ತಿರುಗಿಸಿಯೇ ಇದ್ದೆ, ಅದೂ ಒಂದಲ್ಲ, ಎರಡು ಸುತ್ತು. ರಾತ್ರಿ ಕಾಗದದ ಮೇಲೆ ಚಿತ್ರ ಬರೆದಾಗ ತಪ್ಪು ಕಂಡಿತು. ಹ್ಯಾಂಡಲ್ ತಿರುಗಿಸುವುದು ಕ್ರ್ಯಾಂಕನ್ನು, ಅಂದರೆ ಇಂಜಿನ್ನಿನ ಮುಖ್ಯ ದಂಡವನ್ನು. ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ಕ್ರ್ಯಾಂಕಿನ ಎರಡು ಸುತ್ತಿಗೆ ಕ್ಯಾಮ್ ಸರಿಯಾಗಿ ಒಂದು ಸುತ್ತು ಬಂದು ಹೊರಟಲ್ಲಿಗೇ ಮರಳುತ್ತದೆ. ಖಾತ್ರಿಯಾಗಲಿ ಎಂದು ಇನ್ನೊಂದು ಸುತ್ತು ಸೇರಿಸಿದ್ದೇ ಉಬ್ಬನ್ನು ಮತ್ತೆ ತೋಳಿನ ಮೇಲೆ ತಂದು ನಿಲ್ಲಿಸಿತ್ತು. ಅರ್ಧ ಸುತ್ತು ತಿರುಗಿಸಿದ್ದರೂ ಪೂರ್ತಿ ಪ್ರಯೋಜನವಿಲ್ಲ, ಕ್ಯಾಮ್ ಕಾಲು ಸುತ್ತು ಮಾತ್ರ ಸರಿದು ತೋಳು ನಡುವೆ ನಿಲ್ಲುತ್ತದೆ. ಹ್ಯಾಂಡಲನ್ನು ಸರಿಯಾಗಿ ಒಂದೇ ಸುತ್ತು ತಿರುಗಿಸಿದರೆ ಕ್ಯಾಮ್ ಅರ್ಧ ಸುತ್ತು ತಿರುಗಿ ಉಬ್ಬು ಪೂರ್ತಿ ಆಚೆ ಬದಿಗೆ ಹೋಗುತ್ತದೆ. ಬೆಳಿಗ್ಗೆ ಪಂಪನ್ನು ಮರಳಿ ಕೂರಿಸಿ, ಸಡಿಲವಿದ್ದ ಸ್ಥಿತಿಯಿಂದ ಒಂದೇ ಸುತ್ತು ತಿರುಗಿಸಿದೆ. ಹೆಬ್ಬೆರಳಿಗೆ ಸ್ಪ್ರಿಂಗಿನ ಬಿಗಿ ತಟ್ಟಿತು.

ಇನ್ನೂ ಒಂದು ಮಾತು. ಡಯಾಫ್ರಮ್ ನಿಜವಾಗಿ ಹರಿದಿದ್ದರೂ ಅದರ ಕೆಳಗಿನ ಸ್ಪ್ರಿಂಗ್ ಇದ್ದೇ ಇರುವುದರಿಂದ ಲಿವರ್ ಬಿಗಿಯಾಗಿಯೇ ಇರಬಹುದು, ಪೆಟ್ರೋಲ್ ಮಾತ್ರ ಬರುವುದಿಲ್ಲ. ಆದ್ದರಿಂದ ಹರಿದದ್ದಕ್ಕೆ ಸಡಿಲ ಲಿವರ್ ಸಾಕ್ಷಿಯೇ ಅಲ್ಲ. ಅದಕ್ಕೆ ಸಾಕ್ಷಿ ಬೇರೆ ಕಡೆ ಸಿಗುತ್ತದೆ: ಪಂಪಿನ ಕೆಳಭಾಗದ ಸಣ್ಣ ತೂತಿನಿಂದ ಪೆಟ್ರೋಲ್ ಒಸರುವುದು, ಅಥವಾ ಗೇಜ್ ಕಡ್ಡಿಯಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬರುವುದು. ಎರಡನೆಯದು ಕಂಡರೆ ಆಯಿಲ್ ಬದಲಿಸದೆ ಇಂಜಿನ್ ಚಾಲೂ ಮಾಡಲೇಬಾರದು; ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ.

ಹ್ಯಾಂಡಲ್ ತಿರುಗಿಸಿದ ಮೇಲೂ, ಬೌಲ್ ಖಾಲಿಯಿದ್ದೂ, ನಾಲ್ಕಾರು ಸಲ ಒತ್ತಿದ ಬಳಿಕ ಲಿವರ್ ಸಡಿಲವಾದರೆ ಹಳೆಯ ಪೆಟ್ರೋಲಿನ ಅಂಟಿನಿಂದ ನೀಡಲ್ ಮುಚ್ಚಿಕೊಂಡೇ ಹಿಡಿದಿರಬಹುದು. ಕಾರ್ಬೊರೇಟರಿನ ಕಡೆಯ ಪೈಪು ಬಿಚ್ಚಿದೊಡನೆ ಲಿವರಿಗೆ ಬಿಗಿ ಬಂದರೆ ದೋಷ ಪಂಪಿನದಲ್ಲ.

ತೊಟ್ಟಿಕ್ಕದ ಸೋರಿಕೆ

ಲಿವರ್ ಬಿಗಿಯಾದರೂ ಪಂಪಿನಿಂದ ಬಂದದ್ದು ನೊರೆಯಂತಹ ಪೆಟ್ರೋಲ್. ಪೈಪಿನ ಉದ್ದಕ್ಕೂ ಒಂದು ಹನಿಯೂ ಒದ್ದೆಯಿರಲಿಲ್ಲವಾದ್ದರಿಂದ ಎಲ್ಲಿಯೂ ಸೋರಿಕೆಯಿಲ್ಲ ಎಂದುಕೊಂಡೆ. ಆದರೆ ಟ್ಯಾಂಕು ಪಂಪಿಗಿಂತ ತಗ್ಗಿನಲ್ಲಿರುವುದರಿಂದ ಪಂಪಿನ ತನಕದ ದಾರಿಯೆಲ್ಲ ಹೀರುವ ದಾರಿ. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪಿನಿಂದ ಮುಂದೆ ಬಿರುಕಿದ್ದರೆ ಮಾತ್ರ ಹನಿ ಕಾಣುತ್ತದೆ.

ಇದನ್ನು ಹಿಡಿಯಲು ಬಾಟಲಿಯ ಪರೀಕ್ಷೆಯೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಟ್ಯಾಂಕಿನ ಪೈಪನ್ನು ಬಿಟ್ಟು, ಶುದ್ಧ ಪೆಟ್ರೋಲ್ ಇರುವ ಬಾಟಲಿಯಿಂದ ಹೊಸ ಪೈಪಿನ ಮೂಲಕ ಪಂಪಿಗೆ ಕೊಡಬೇಕು. ಆಗ ಗಟ್ಟಿಯಾಗಿ ಚಿಮ್ಮಿದರೆ ಪಂಪು ಸರಿ, ತಪ್ಪು ಅದರ ಹಿಂದೆ, ಟ್ಯಾಂಕಿನ ಕಡೆಯ ದಾರಿಯಲ್ಲಿದೆ. ನಮ್ಮಲ್ಲಿ ಹಾಗೆಯೇ ಆಯಿತು. ಚಾಸಿಯ ಪೈಪಿನಿಂದ ಪಂಪಿಗೆ ಬರುವ ಗೇಣುದ್ದದ ರಬ್ಬರ್ ಹೋಸನ್ನು ಬಿಚ್ಚಿ ಬಗ್ಗಿಸಿದಾಗ, ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಂತಹ ಬಿರುಕು ಬಾಯಿ ತೆರೆಯಿತು. ಜೊತೆಗೆ ಟ್ಯಾಂಕಿನ ಮುಚ್ಚಳದ ಗಾಳಿತೂತಿನಲ್ಲಿ ಭತ್ತದ ಹೊಟ್ಟಿನ ಧೂಳು ಗಚ್ಚಿನಂತೆ ಮೆತ್ತಿಕೊಂಡಿತ್ತು. ಇದು ಮುಚ್ಚಿದ್ದರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಒಳನುಗ್ಗುತ್ತದೆ.

ಇಂತಹ ಪರೀಕ್ಷೆಗಳನ್ನು ಬಯಲಿನಲ್ಲಿಯೇ ಮಾಡಬೇಕು, ಸೆಲ್ಫ್ ಹೊಡೆಯುವುದಾದರೆ ಕಿಡಿ ಹುಟ್ಟಿಸುವ ಕಾಯಿಲ್‌ನ ಸಂಪರ್ಕ ತೆಗೆದಿರಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಕೂತು ಹರಿಯುತ್ತದೆ. ಹತ್ತು ಹೆಜ್ಜೆ ದೂರದ ಬೀಡಿಯೂ ಅಪಾಯವೇ.

ಬಿಚ್ಚಲೇಬೇಕಾದರೆ

ಮೇಲಿನ ಮತ್ತು ಕೆಳಗಿನ ಭಾಗಗಳಿಗೆ ಅಡ್ಡಲಾಗಿ ಅರದಿಂದ ಒಂದು ಗೀರು ಹಾಕಿಕೊಂಡರೆ ಜೋಡಿಸುವಾಗ ಪೈಪುಗಳ ದಿಕ್ಕು ತಪ್ಪುವುದಿಲ್ಲ. ಸ್ಕ್ರೂಗಳನ್ನು ಪೂರ್ತಿ ಬಿಗಿಯುವಾಗ ತೋಳನ್ನು ಒತ್ತಿ ಡಯಾಫ್ರಮ್ ಕೆಳಗಿಳಿದಿರುವಂತೆ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅದು ತಮಟೆಯ ಚರ್ಮದಂತೆ ಬಿಗಿದುಕೊಂಡು ಬೇಗ ಹರಿಯುತ್ತದೆ. ಇಂಜಿನ್ನಿಗೆ ಕೂರಿಸುವಾಗ ಎರಡರ ನಡುವಿನ ಪ್ಯಾಕಿಂಗ್ ಮೊದಲಿದ್ದಷ್ಟೇ ದಪ್ಪವಿರಲಿ. ದಪ್ಪ ಹೆಚ್ಚಾದಷ್ಟೂ ತೋಳು ಕ್ಯಾಮಿನಿಂದ ದೂರವಾಗಿ ಹೀರುವ ಪ್ರಮಾಣ ತಗ್ಗುತ್ತದೆ.

ನಾನು ಹಳೆಯ ಡಯಾಫ್ರಮ್ ಇಡಿಯಾಗಿದ್ದರೂ ತೆಗೆದು ಕಿಟ್ಟಿನದನ್ನೇ ಹಾಕಿದೆ. 2023ರ ಫೆಬ್ರವರಿಯಿಂದ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂದಿದೆ. ಹಳೆಯ ರಬ್ಬರನ್ನು ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು, ಪಂಪು ಹೀರುವ ಜಾಗದಲ್ಲಿಯೇ ಕೂರುತ್ತವೆ.

ಗಾಡಿ ಐದನೆಯ ದಿನ ಓಡಿತು, ಮಧ್ಯಾಹ್ನ ಮಸ್ಕಿ ರಸ್ತೆಯಲ್ಲಿ ನಿಂತಿತು. ಈ ಸಲ ಪಂಪು ಬಿಚ್ಚಲಿಲ್ಲ. ನಮ್ಮ ಕಡೆಯ 40 ಡಿಗ್ರಿ ಬಿಸಿಲಿನಲ್ಲಿ, ಒತ್ತಡ ತಗ್ಗಿದ ಹೀರುವ ಪೈಪಿನಲ್ಲಿ ಪೆಟ್ರೋಲ್ ಬೇಗ ಕುದಿದು ಆವಿಯಾಗುತ್ತದೆ, ಪಂಪು ಆ ಆವಿಯನ್ನೇ ಹಿಸುಕುತ್ತಾ ಕೂರುತ್ತದೆ. ಮಾವನ ಟವೆಲನ್ನು ನೀರಿನಲ್ಲಿ ಅದ್ದಿ ಪಂಪಿಗೂ ಪೈಪಿಗೂ ಸುತ್ತಿ, ಬೇವಿನ ನೆರಳಿನಲ್ಲಿ ಕಾಲು ಗಂಟೆ ಕಾದು, ಲಿವರ್ ಒತ್ತಿ ನೋಡಿದೆ. ಸಡಿಲವಾಗಿತ್ತು. ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುಗಿಸಿದೆ.