ನನ್ನ ನಂತರ ಮನೆ ಹೆಂಡತಿಗೇ ತಾನೇ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನ ದುಡಿಮೆಯಿಂದಲೇ ಕಟ್ಟಿಸಿದ ಮನೆ ಇದೆ. ಹರಿಹರದ ಕಡೆ ಪಿತ್ರಾರ್ಜಿತ ಗದ್ದೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ಅದಕ್ಕೆ ಮಗನೇ ನಾಮಿನಿ. ಹೆಂಡತಿ, ಮಗ, ಮಗಳು, ವಯಸ್ಸಾದ ತಾಯಿ ಇದ್ದಾರೆ. ಮಕ್ಕಳಲ್ಲಿ ಜಗಳವಿಲ್ಲ. ಮನೆ ಹೇಗೂ ಹೆಂಡತಿಗೆ ಹೋಗುತ್ತದಲ್ಲ, ವಿಲ್ ಯಾಕೆ ಬೇಕು?

ಉತ್ತರ: ಹೋಗುವುದಿಲ್ಲ. ವಿಲ್ ಬರೆಯದೆ ನೀವು ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ಮನೆಯಲ್ಲಿ ತಾಯಿ, ಹೆಂಡತಿ, ಮಗ, ಮಗಳು ನಾಲ್ವರಿಗೂ ಸಮಪಾಲು. ಇಟ್ಟಿಗೆ, ಸಿಮೆಂಟಿನ ಲೆಕ್ಕ ನೋಡಿಕೊಂಡು ನಿಮ್ಮ ಜೊತೆ ನಿಂತ ಹೆಂಡತಿಗೆ ದಕ್ಕುವುದು ಕಾಲು ಭಾಗ.

ತಾಯಿಯವರ ಕಾಲು ಭಾಗದ ಕಥೆ ಇನ್ನೂ ಉದ್ದ. ಅವರೂ ವಿಲ್ ಬರೆಯದೆ ಹೋದರೆ, ಅದು ಅವರ ಮಕ್ಕಳಿಗೆ, ಅಂದರೆ ನಿಮ್ಮ ಒಡಹುಟ್ಟಿದವರಿಗೆ ಹಂಚಿಕೆಯಾಗುತ್ತದೆ. ನಿಮ್ಮ ಪಾಲಿನ ಜಾಗದಲ್ಲಿ ನಿಮ್ಮ ಮಕ್ಕಳು ನಿಲ್ಲುತ್ತಾರೆ. ಹೆಂಡತಿಗೆ ಅದರಲ್ಲಿ ಏನೂ ಇಲ್ಲ. ಆಮೇಲೆ ಇಡೀ ಮನೆ ಮಾರಬೇಕಾದರೆ ನಿಮ್ಮ ತಮ್ಮನ, ತಂಗಿಯ ಸಹಿ ಬೇಕು. ಅವರೆಲ್ಲ ಒಳ್ಳೆಯವರೇ ಇರಬಹುದು. ಆದರೂ ಸಹಿಗಾಗಿ ಮನೆಮನೆ ತಿರುಗುವ ಪಾಡು ನಿಮ್ಮ ಹೆಂಡತಿಯದೇ.

ನಾಮಿನಿಯ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಬ್ಯಾಂಕು ಠೇವಣಿಯ ಹಣವನ್ನು ಮಗನ ಕೈಗೆ ಕೊಡುತ್ತದೆ, ಅಷ್ಟೇ. ವಾರಸುದಾರರೆಲ್ಲ ಅದರಲ್ಲಿ ಪಾಲು ಕೇಳಬಹುದು.

ಗದ್ದೆಯಲ್ಲಿ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ವಿಲ್ ಬರೆಯಬಹುದು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ‘ಮದುವೆಯಲ್ಲಿ ಬಂಗಾರ ಹಾಕಿದ್ದೇವೆ, ಅವಳ ಲೆಕ್ಕ ಮುಗಿಯಿತು’ ಎಂಬ ಮಾತು ಕಾನೂನಿನ ಕಿವಿಗೆ ಬೀಳುವುದಿಲ್ಲ.

ವಿಲ್ ಬರೆಯಲು ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೀವು ಸಹಿ ಮಾಡುವುದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ನೋಡಿ, ನಿಮ್ಮೆದುರೇ ತಾವೂ ಸಹಿ ಹಾಕಬೇಕು. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕಾಗುತ್ತದೆ. ಹಾಗಾಗಿ ನಿಮಗಿಂತ ಕಿರಿಯರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಆರಿಸಿಕೊಳ್ಳಿ. ಓರಗೆಯ ಗೆಳೆಯರು ಬೆಣ್ಣೆದೋಸೆಗೆ ಜೊತೆಯಾಗಲಿ, ಸಾಕ್ಷಿಗೆ ಬೇಡ. ಆಸ್ತಿಯ ಖಾತೆ ಸಂಖ್ಯೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬಿಡದೆ ಬರೆಸಿ. ಹೆಂಡತಿಗೆ ಕೊಡುವುದು ಪೂರ್ತಿ ಒಡೆತನವೋ, ಬದುಕಿರುವವರೆಗಿನ ವಾಸದ ಹಕ್ಕೋ ಎಂಬುದು ಒಂದೇ ಓದಿಗೆ ತಿಳಿಯುವಂತಿರಲಿ. ಹೆಚ್ಚಿನ ವ್ಯಾಜ್ಯ ಹುಟ್ಟುವುದು ಇಂಥ ಮಬ್ಬು ಸಾಲುಗಳಿಂದಲೇ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಬಿಡಿ ಎನ್ನುತ್ತೇನೆ. ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಕೊನೆಯದೇ ಊರ್ಜಿತ.

‘ದಾನಪತ್ರವನ್ನೇ ಮಾಡಿಬಿಡಿ’ ಎಂದು ಯಾರಾದರೂ ಹೇಳಿದರೆ ಅವಸರ ಪಡಬೇಡಿ. ದಾನವಾದರೆ ಒಡೆತನ ನೀವಿರುವಾಗಲೇ ಕೈಬಿಡುತ್ತದೆ. ವಿಲ್ ಆದರೆ ಕೊನೆಯವರೆಗೂ ಮನೆ ನಿಮ್ಮದೇ.

ಮೂಲಪ್ರತಿ ಬೀರುವಿನ ಯಾವ ಅರೆಯಲ್ಲಿದೆ ಎಂದು ಹೆಂಡತಿಗೆ ಹೇಳಿಡಿ. ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರ್‌ನಲ್ಲಿ ಮಾತ್ರ ಇಡಬೇಡಿ. ಅದನ್ನು ತೆರೆಸುವುದಕ್ಕೇ ಅವರು ಅಲೆದಾಡಬೇಕಾದೀತು.