ಹಳೆಯ ಕ್ರೋಮ್‌ಬುಕ್ಕಿಗೆ ಹಗುರ ಲಿನಕ್ಸ್: ಡಿಸ್ಟ್ರೊ ಆಮೇಲೆ, ಸ್ಕ್ರೂ ಮೊದಲು

ಕಡಿಮೆ ದುಡ್ಡಿಗೆ ಲ್ಯಾಪ್‌ಟಾಪ್ ಹುಡುಕುವವರಿಗೆ ಸೆಕೆಂಡ್‌ಹ್ಯಾಂಡ್ ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್ ಓಎಸ್ ಮೇಲೆ ನಡೆಯುವ ಯಂತ್ರ) ಒಳ್ಳೆಯ ಮಾಲು. ಹನ್ನೊಂದು ಇಂಚಿನ ಪರದೆ, ಒಂದೂಕಾಲು ಕೆಜಿಯ ಆಸುಪಾಸಿನ ತೂಕ, ಶಾಲಾಮಕ್ಕಳ ಕೈಯಲ್ಲಿ ಬಾಳಲೆಂದೇ ಮಾಡಿದ ಗಟ್ಟಿ ಮೈ. ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಮಾನಸಗಂಗೋತ್ರಿಗೆ ಹೋಗಿಬರುವ ವಿದ್ಯಾರ್ಥಿಯ ಬ್ಯಾಗಿಗೆ ಇದಕ್ಕಿಂತ ಹೊಂದುವ ಯಂತ್ರ ಕಡಿಮೆ. ತೊಂದರೆ ಒಂದೇ: ಗೂಗಲ್ ಕೊಡುವ ಅಪ್‌ಡೇಟ್ ಅವಧಿ ಮುಗಿದಿರುತ್ತದೆ. ಬ್ರೌಸರ್ ಅಲ್ಲಿಗೇ ನಿಂತುಬಿಡುತ್ತದೆ, ಸ್ವಲ್ಪ ದಿನಕ್ಕೆ ವೆಬ್‌ಸೈಟುಗಳು ಒಂದೊಂದಾಗಿ ತಕರಾರು ತೆಗೆಯುತ್ತವೆ. ಅದರ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದರೆ ಅದೇ ಯಂತ್ರಕ್ಕೆ ಇನ್ನೂ ಕೆಲವು ವರ್ಷ ಜೀವ ಬರುತ್ತದೆ.

ಎಲ್ಲರೂ ಮೊದಲು ಕೇಳುವುದು ಯಾವ ಡಿಸ್ಟ್ರೊ, ಅಂದರೆ ಲಿನಕ್ಸಿನ ಯಾವ ಬಗೆ, ಹಾಕಲಿ ಎಂದು. ಆ ಪ್ರಶ್ನೆ ಕೊನೆಗೆ ಬರಬೇಕು. ಯಂತ್ರ ಓಡುತ್ತದೋ ತೆವಳುತ್ತದೋ ಎನ್ನುವುದನ್ನು ಡಿಸ್ಟ್ರೊದ ಹೆಸರಿಗಿಂತ ಹೆಚ್ಚಾಗಿ ನಿರ್ಧರಿಸುವುದು ಒಳಗಿನ ಸ್ಟೋರೇಜ್, ಅದರ ಮೇಲೆ ಬೀಳುವ ಬ್ರೌಸರಿನ ಭಾರ, ಮತ್ತು ಫರ್ಮ್‌ವೇರ್ (ಯಂತ್ರ ಆನ್ ಆದಾಗ ಮೊದಲು ಓಡುವ, ಚಿಪ್ಪಿನಲ್ಲೇ ಇರುವ ತಂತ್ರಾಂಶ) ಕೆಲಸವನ್ನು ಎಷ್ಟು ನೆಟ್ಟಗೆ ಮಾಡಿದ್ದೀರಿ ಎನ್ನುವುದು.

ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು ನಾಲ್ಕು. ಪ್ರೊಸೆಸರ್ ಇಂಟೆಲ್ ಆಗಿರಲಿ; ಮೀಡಿಯಾಟೆಕ್ ಅಥವಾ ಬೇರೆ ಆರ್ಮ್ ಚಿಪ್ ಇದ್ದರೆ ಇಲ್ಲಿ ಹೇಳುವ ದಾರಿ ನಡೆಯುವುದಿಲ್ಲ. ರ್ಯಾಮ್ 4 ಜಿಬಿ ಇರಲಿ, ಏಕೆಂದರೆ ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಏರಿಸುವ ಮಾತಿಲ್ಲ. ಮೂರನೆಯದು ಸ್ಟೋರೇಜ್. 2013ರ ಏಸರ್ ಸಿ720ಯಂಥ ಮಾಡೆಲ್‌ಗಳಲ್ಲಿ ಬಿಚ್ಚಿ ಬದಲಿಸಬಹುದಾದ 2242 ಅಳತೆಯ ಎಂ.2 ಸಾಟಾ ಎಸ್‌ಎಸ್‌ಡಿ ಇದೆ. 128 ಜಿಬಿಯದನ್ನು ಹಾಕಿದರೆ ಜಾಗದ ಚಿಂತೆ ಅಲ್ಲಿಗೆ ಮುಗಿಯಿತು. ಎನ್‌ವಿಎಂಇ ಎಂಬ ಬೇರೆ ಬಗೆಯ ಎಸ್‌ಎಸ್‌ಡಿ ತಂದು ಕೂರಿಸಿದರೆ ಅದು ಕೆಲಸ ಮಾಡದು. ಸೆಲೆರಾನ್ ಎನ್3060 ಇರುವ ಯಂತ್ರಗಳಲ್ಲಿ ಸಾಮಾನ್ಯವಾಗಿ 16 ಅಥವಾ 32 ಜಿಬಿಯ ಇಎಂಎಂಸಿ ಎಂಬ ಸ್ಟೋರೇಜ್ ಚಿಪ್ ಬೋರ್ಡಿಗೇ ಅಂಟಿರುತ್ತದೆ. ಎರಡೂ ಒಂದೇ ಬೆಲೆಗೆ ಸಿಕ್ಕರೆ 32ರದ್ದೇ ತಗೊಳ್ಳಿ.

ನಾಲ್ಕನೆಯದನ್ನೇ ಹೆಚ್ಚು ಜನ ಮರೆಯುವುದು. ಯಂತ್ರ ಆನ್ ಮಾಡಿದಾಗ ಯಾವುದೋ ಶಾಲೆ ಅಥವಾ ಕಂಪನಿ ಇದನ್ನು ನಿರ್ವಹಿಸುತ್ತಿದೆ ಎಂಬ ಸಾಲು ಲಾಗಿನ್ ಪರದೆಯಲ್ಲಿ ಕಂಡರೆ ಕೈಬಿಡಿ. ಹಳೆಯ ಮಾಲೀಕರು ತಮ್ಮ ಪಟ್ಟಿಯಿಂದ ತೆಗೆಯದ ಹೊರತು ಬೇರೆ ಸಿಸ್ಟಂ ಹಾಕಲು ಬೇಕಾದ ಡೆವಲಪರ್ ಮೋಡ್‌ಗೆ ಹೋಗಲು ಅದು ಬಿಡದಿರಬಹುದು. ಅಂಗಡಿಯವರು ರಿಸೆಟ್ ಮಾಡಿ ಕೊಡುತ್ತೇವೆ ಎಂದರೂ ಒಪ್ಪಬೇಡಿ. ರಿಸೆಟ್ ಆಗಿ ವೈಫೈಗೆ ಸೇರಿದ ಕೂಡಲೇ ಅದೇ ಸಾಲು ಮತ್ತೆ ಬಂದು ಕೂರುತ್ತದೆ. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಅಂಗಡಿಯಲ್ಲೇ ಪರೀಕ್ಷಿಸಿ.

ಇನ್ನು ಮನೆಯಲ್ಲಿ. ಎಸ್ಕೇಪ್ ಮತ್ತು ರಿಫ್ರೆಶ್, ಅಂದರೆ ಮೇಲಿನ ಸಾಲಿನ ಸುತ್ತು ಬಾಣದ ಕೀ, ಎರಡನ್ನೂ ಒತ್ತಿ ಹಿಡಿದು ಪವರ್ ಬಟನ್ ಒತ್ತಿ. ಕ್ರೋಮ್ ಓಎಸ್ ಕಾಣೆಯಾಗಿದೆ ಅಥವಾ ಹಾಳಾಗಿದೆ ಎನ್ನುವ ರಿಕವರಿ ಪರದೆ ಬರುತ್ತದೆ. ಗಾಬರಿ ಬೇಡ, ಏನೂ ಹಾಳಾಗಿಲ್ಲ. ಕಂಟ್ರೋಲ್ ಡಿ ಒತ್ತಿ, ಎಂಟರ್ ಒತ್ತಿ. ಒಳಗಿರುವುದೆಲ್ಲ ಅಳಿಸಿ ಡೆವಲಪರ್ ಮೋಡ್‌ಗೆ ಬರಲು ಕೆಲವು ನಿಮಿಷ ತಗೊಳ್ಳುತ್ತದೆ. ಅಲ್ಲಿಂದಾಚೆಗೆ ಪ್ರತಿ ಸಲ ಆನ್ ಮಾಡಿದಾಗಲೂ 30 ಸೆಕೆಂಡಿನ ಎಚ್ಚರಿಕೆ ಪರದೆ ಕಾಣುತ್ತದೆ. ಆ ಹೊತ್ತಿನಲ್ಲಿ ಮನೆಯ ಮಗು ಸ್ಪೇಸ್‌ಬಾರ್ ಒತ್ತಿ ಎಂಟರ್ ಒತ್ತಿತೋ, ಡೆವಲಪರ್ ಮೋಡ್ ಹೋಗಿ ಎಲ್ಲವೂ ಮತ್ತೆ ಅಳಿಸಿಹೋಗುತ್ತದೆ. ಮೂಲ ಫರ್ಮ್‌ವೇರ್ ಹಾಗೇ ಇಟ್ಟು ಪಕ್ಕದಲ್ಲಿ ಲಿನಕ್ಸ್ ನಡೆಸುವ ಉಪಾಯವನ್ನು ಮನೆಬಳಕೆಗೆ ಹೇಳದಿರುವುದು ಇದಕ್ಕೇ. ಪೂರ್ತಿ ಬದಲಿಸುವುದೇ ನೆಮ್ಮದಿ.

ಬದಲಿಸಲು ರೈಟ್ ಪ್ರೊಟೆಕ್ಟ್, ಅಂದರೆ ಫರ್ಮ್‌ವೇರ್ ಚಿಪ್ಪಿಗೆ ಬರೆಯದಂತೆ ತಡೆಯುವ ಬೀಗ, ತೆಗೆಯಬೇಕು. ಹಳೆಯ ಮಾಡೆಲ್‌ಗಳಲ್ಲಿ ಇದು ನಿಜವಾಗಿಯೂ ಒಂದು ಸ್ಕ್ರೂ. ಹಿಂಬದಿಯ ಮುಚ್ಚಳ ಬಿಚ್ಚಿದರೆ ಬೋರ್ಡಿನ ಮೇಲೆ ಹತ್ತಾರು ಸ್ಕ್ರೂ ಒಂದೇ ತೆರನಾಗಿ ಕಾಣುತ್ತವೆ, ತಲೆ ನೋಡಿ ಗುರುತು ಹಿಡಿಯಲಾಗದು. ಗುರುತು ಇರುವುದು ಅದರ ಬುಡದಲ್ಲಿ. ಬೇರೆ ಸ್ಕ್ರೂಗಳ ಸುತ್ತ ಲೋಹದ ಬಳೆ ಇಡಿಯಾಗಿರುತ್ತದೆ. ಇದರ ಬಳೆ ನಡುವೆ ಸೀಳಿ ಎರಡು ಅರ್ಧಚಂದ್ರವಾಗಿರುತ್ತದೆ. ಸ್ಕ್ರೂವಿನ ತಲೆಯೇ ಎರಡು ಅರ್ಧಗಳನ್ನು ಜೋಡಿಸುವ ತಂತಿಯ ಕೆಲಸ ಮಾಡುತ್ತದೆ. ಅದನ್ನು ತೆಗೆದರೆ ಸಂಪರ್ಕ ಕಡಿದು ಫರ್ಮ್‌ವೇರ್ ಚಿಪ್ ಬರೆಯಲು ಸಿಗುತ್ತದೆ. ಮುಚ್ಚಳ ಬಿಚ್ಚಿದ ಕೂಡಲೇ, ಯಾವ ಸ್ಕ್ರೂವಿಗೂ ಕೈಹಾಕುವ ಮುಂಚೆ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. 2017ರಿಂದೀಚಿನ ಹಲವು ಮಾಡೆಲ್‌ಗಳಲ್ಲಿ ಸ್ಕ್ರೂ ಇಲ್ಲ. ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಚಾರ್ಜರಿನಿಂದಲೇ ಯಂತ್ರ ಓಡಿಸಿದರೆ ರಕ್ಷಣೆ ತಾನಾಗಿ ಬಿಡುತ್ತದೆ.

ಇಲ್ಲೇ ನಮ್ಮ ಕಡೆಯವರು ಹುಷಾರಾಗಿರಬೇಕು. ಬ್ಯಾಟರಿ ಬಿಡಿಸಿದ ಯಂತ್ರಕ್ಕೆ ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಥೆ ಮುಗಿಯಿತು, ಚಿಪ್ ಅರ್ಧ ಬರೆದು ನಿಂತ ಯಂತ್ರ ಮತ್ತೆ ಏಳುವುದಿಲ್ಲ. ಚಾರ್ಜರನ್ನು ಇನ್ವರ್ಟರ್ ಅಥವಾ ಯುಪಿಎಸ್ ಲೈನಿಗೆ ಹಾಕಿ. ಮಳೆ, ಗುಡುಗಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಸ್ಕ್ರೂ ಇರುವ ಯಂತ್ರದಲ್ಲಿ ಬ್ಯಾಟರಿ ಜಾಗದಲ್ಲೇ ಇರುವುದರಿಂದ ಈ ಭಯ ಕಡಿಮೆ. ಹಾಗೆ ಸತ್ತ ಯಂತ್ರವನ್ನೂ ಸಿಎಚ್341ಎ ಎಂಬ ಪ್ರೋಗ್ರಾಮರ್ ಮತ್ತು ಎಂಟು ಕಾಲಿನ ಕ್ಲಿಪ್ ಹಾಕಿ ಎಬ್ಬಿಸಬಹುದು, ಆದರೆ ಕೆಲವು ಮಾಡೆಲ್‌ಗಳ ಚಿಪ್ 1.8 ವೋಲ್ಟಿನದು. ಅದಕ್ಕೆ 3.3 ವೋಲ್ಟ್ ಕೊಟ್ಟರೆ ಚಿಪ್ಪೇ ಸುಟ್ಟೀತು. ಚಿಪ್ಪಿನ ಮೇಲಿನ ನಂಬರ್ ಓದದೆ ಕ್ಲಿಪ್ ಹಾಕಬಾರದು.

ಫರ್ಮ್‌ವೇರ್ ಬರೆಯಲು ಮಿಸ್ಟರ್‌ಕ್ರೋಮ್‌ಬಾಕ್ಸ್ ಯೋಜನೆಯ ಸ್ಕ್ರಿಪ್ಟ್ ಬಳಸುತ್ತಾರೆ. ಅದು ಬರೆಯುವುದು ಕೋರ್‌ಬೂಟ್ ಎಂಬ ಮುಕ್ತ ತಂತ್ರಾಂಶದ ಆಧಾರದ, ಸಾಮಾನ್ಯ ಪಿಸಿಗಳಲ್ಲಿರುವಂಥ ಯುಇಎಫ್‌ಐ ಫರ್ಮ್‌ವೇರ್. ನಿಮ್ಮ ಯಂತ್ರದ ಬೋರ್ಡ್ ಹೆಸರು ರಿಕವರಿ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಅದು ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಸ್ಕ್ರಿಪ್ಟ್ ತೆರೆದಾಗ ಮೇಲ್ಭಾಗದಲ್ಲಿ ರೈಟ್ ಪ್ರೊಟೆಕ್ಟ್ ಸ್ಥಿತಿ ಬರುತ್ತದೆ. ಅಲ್ಲಿ ಎನೇಬಲ್ಡ್ ಎಂದಿದ್ದರೆ ತಪ್ಪು ಸ್ಕ್ರೂ ತೆಗೆದಿದ್ದೀರಿ, ಇಲ್ಲವೇ ಬ್ಯಾಟರಿ ಸರಿಯಾಗಿ ಬಿಡಿಸಿಲ್ಲ. ಡಿಸೇಬಲ್ಡ್ ಎಂದಿದ್ದರೆ ಫುಲ್ ರಾಮ್ ಆಯ್ಕೆಗೆ ಹೋಗಿ. ಮೂಲ ಫರ್ಮ್‌ವೇರಿನ ಬ್ಯಾಕಪ್ ಬೇಕೇ ಎಂದು ಕೇಳುತ್ತದೆ, ಹೌದು ಎನ್ನಿ. ಫೈಲ್ ಕೆಲವೇ ಎಂಬಿ, ಆದರೆ ನಿಮ್ಮ ಯಂತ್ರದ ಸೀರಿಯಲ್ ನಂಬರ್ ಅದರಲ್ಲೇ ಇರುವುದರಿಂದ ಬೇರೆಯವರ ಯಂತ್ರದ ಬ್ಯಾಕಪ್ ನಿಮಗೆ ಆಗುವುದಿಲ್ಲ. ಪೆನ್‌ಡ್ರೈವಿನಿಂದ ತೆಗೆದು ಎರಡು ಕಡೆ ಇಟ್ಟುಕೊಳ್ಳಿ.

ಈಗ ಡಿಸ್ಟ್ರೊ. 4 ಜಿಬಿ ರ್ಯಾಮ್ ಇದ್ದರೆ ಎಲ್‌ಎಕ್ಸ್‌ಕ್ಯುಟಿ ಎಂಬ ಹಗುರ ಡೆಸ್ಕ್‌ಟಾಪಿನ ಡೆಬಿಯನ್ 13. 2025ರ ಆಗಸ್ಟ್‌ನಲ್ಲಿ ಬಂದ ಇದಕ್ಕೆ ಎಲ್‌ಟಿಎಸ್ ಎಂಬ ದೀರ್ಘಾವಧಿ ಬೆಂಬಲ ಸೇರಿ 2030ರ ಜೂನ್‌ವರೆಗೆ ಭದ್ರತಾ ಅಪ್‌ಡೇಟ್ ಇದೆ. 2 ಜಿಬಿಯ ಯಂತ್ರವಾದರೆ ಆಂಟಿಎಕ್ಸ್; ಐಸ್‌ಡಬ್ಲ್ಯೂಎಂ ಎಂಬ ಪುಟ್ಟ ವಿಂಡೋ ಮ್ಯಾನೇಜರ್ ಮೇಲೆ ನಡೆಯುವ ಅದಕ್ಕಿಂತ ಹಗುರವಾಗಿ, ಆದರೂ ಪೂರ್ತಿ ಕೆಲಸಕ್ಕೆ ಬರುವಂತೆ ಇರುವುದು ಅಪರೂಪ. ಮಿಂಟ್ ಒಳ್ಳೆಯದೇ, ಆದರೆ ಅದು ಕನಿಷ್ಠ 20 ಜಿಬಿ ಜಾಗ ಕೇಳುತ್ತದೆ, 16ರ ಇಎಂಎಂಸಿಗೆ ಹಿಡಿಸದು. ಲುಬುಂಟುವಿನಲ್ಲಿ ಫೈರ್‌ಫಾಕ್ಸ್ ಬೇಕಾದ್ದೆಲ್ಲ ಒಳಗೇ ಕಟ್ಟಿರುವ ಸ್ನ್ಯಾಪ್ ಎಂಬ ರೂಪದಲ್ಲಿ ಬರುತ್ತದೆ, ಹಳೆಯ ಆವೃತ್ತಿಯನ್ನೂ ಉಳಿಸಿಕೊಳ್ಳುತ್ತದೆ. ಇಷ್ಟು ಚಿಕ್ಕ ಡಿಸ್ಕಿನಲ್ಲಿ ಅದು ದುಂದು.

ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪಟ್ಟಿಯಲ್ಲಿ ಎಂಎಂಸಿಬಿಎಲ್‌ಕೆ0 ಎಂಬುದೇ ಇಎಂಎಂಸಿ. ಅದರ ಹಿಂದೆಯೇ ಬೂಟ್0, ಬೂಟ್1 ಎಂಬ ಬಾಲವಿರುವ ಪುಟ್ಟ ಸಾಲುಗಳು ಕಾಣುತ್ತವೆ, ಅವನ್ನು ಮುಟ್ಟಬೇಡಿ. ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್‌ಗೆ 300 ಎಂಬಿ, ಉಳಿದದ್ದೆಲ್ಲ ಒಂದೇ ಎಕ್ಸ್‌ಟಿ4 (ಲಿನಕ್ಸಿನ ಸಾಮಾನ್ಯ ಫೈಲ್ ಸಿಸ್ಟಂ). ರ್ಯಾಮ್ ತುಂಬಿದಾಗ ಬಳಸುವ ಸ್ವಾಪ್ ಪಾರ್ಟಿಷನ್ ಬೇಡ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ; ಯಾವ ಡ್ರೈವರ್ ಬೇಡದೆ ನೆಟ್ ಬರುತ್ತದೆ, ಬ್ರಾಡ್‌ಬ್ಯಾಂಡ್ ಇಲ್ಲದ ಊರಿಗೆ ಇದೇ ಆಸರೆ. ಮುಗಿಸಿ ರೀಸ್ಟಾರ್ಟ್ ಮಾಡಿದಾಗ ಬೂಟ್ ಆಗಲು ಏನೂ ಇಲ್ಲವೆಂದು ಫರ್ಮ್‌ವೇರ್ ನಿಂತರೆ ಇನ್‌ಸ್ಟಾಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎಸ್ಕೇಪ್ ಒತ್ತಿ ಬೂಟ್ ಮೆನುವಿಗೆ ಹೋಗಿ ಡೆಬಿಯನ್ ಫೋಲ್ಡರಿನ ಗ್ರಬ್ (ಲಿನಕ್ಸನ್ನು ಬೂಟ್ ಮಾಡುವ ಪ್ರೋಗ್ರಾಂ) ಫೈಲನ್ನು ಕೈಯಾರೆ ಆರಿಸಿ ಒಳಗೆ ಬನ್ನಿ. ಆಮೇಲೆ ಗ್ರಬ್ ಪ್ಯಾಕೇಜನ್ನು ಮರುಸಂರಚಿಸಿ, ರಿಮೂವಬಲ್ ಮೀಡಿಯಾ ದಾರಿಯಲ್ಲೂ ಒಂದು ಪ್ರತಿ ಹಾಕಲೇ ಎಂಬ ಪ್ರಶ್ನೆಗೆ ಹೌದು ಕೊಡಿ.

ಎಲ್‌ಎಕ್ಸ್‌ಕ್ಯುಟಿ, ಲಿಬ್ರೆ ಆಫೀಸ್ ಸಮೇತ ಸುಮಾರು 5 ಜಿಬಿ ಹಿಡಿಯುತ್ತದೆ. ಎಕ್ಸ್‌ಟಿ4 ತಾನಾಗಿ ಶೇಕಡ 5 ಜಾಗವನ್ನು ರೂಟ್ ಎಂಬ ಆಡಳಿತದ ಖಾತೆಗೆ ಮೀಸಲಿಡುತ್ತದೆ. 14 ಜಿಬಿಯಲ್ಲಿ ಅದು 700 ಎಂಬಿ. ಟ್ಯೂನ್2ಎಫ್‌ಎಸ್ ಆಜ್ಞೆಯಿಂದ ಶೇಕಡ 1ಕ್ಕೆ ಇಳಿಸಿ. ಜರ್ನಲ್ ಲಾಗ್‌ಗೆ 50 ಎಂಬಿ ಮಿತಿ ಹಾಕಿ. ಫೋಟೊ, ಪಿಡಿಎಫ್, ಪಾಠದ ವಿಡಿಯೊಗಳು ಎಸ್‌ಡಿ ಕಾರ್ಡಿನಲ್ಲಿರಲಿ. ಕಾರ್ಡನ್ನು, ಆನ್ ಆದಾಗ ಯಾವ ಡಿಸ್ಕ್ ಸೇರಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಸೇರಿಸುವಾಗ ನೋಫೇಲ್ ಎಂಬ ಪದ ಮರೆತರೆ, ಕಾರ್ಡ್ ತೆಗೆದಿಟ್ಟ ದಿನ ಯಂತ್ರ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ನ ಕಪ್ಪು ಪರದೆಗೆ ಬಿದ್ದುಬಿಡುತ್ತದೆ. ಲಿನಕ್ಸ್ ಹಾಳಾಯಿತು ಎಂದು ಮತ್ತೆ ಇನ್‌ಸ್ಟಾಲ್ ಮಾಡಿಸುವವರಲ್ಲಿ ಇಂಥ ಒಂದು ಪದದ ತಪ್ಪಿಗೆ ದಂಡ ತೆರುವವರೂ ಇರುತ್ತಾರೆ.

ಸ್ವಾಪ್‌ನ ಬದಲು ಜೆಡ್‌ರ್ಯಾಮ್ ಹಾಕಬೇಕು. ರ್ಯಾಮ್ ತುಂಬಿದಾಗ ನಿಧಾನದ ಇಎಂಎಂಸಿಗೆ ಬರೆಯುವ ಬದಲು ರ್ಯಾಮ್‌ನಲ್ಲೇ ಒತ್ತಿ ಮಡಿಸಿಡುವ ವಿದ್ಯೆ ಇದು. ಜೆಡ್‌ರ್ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿ, ಅಲ್ಗಾರಿದಂ ಜೆಡ್‌ಎಸ್‌ಟಿಡಿ, ಪ್ರಮಾಣ ಶೇಕಡ 50 ಎಂದು ಬರೆಯಿರಿ. ಸ್ವಾಪನ್ನು ಎಷ್ಟು ಧಾರಾಳವಾಗಿ ಬಳಸಬೇಕೆಂದು ಹೇಳುವ ಸ್ವಾಪಿನೆಸ್ ಅನ್ನು 10ಕ್ಕೆ ಇಳಿಸಿ ಎಂಬ ಹಳೆಯ ಸಲಹೆ ಡಿಸ್ಕಿನ ಸ್ವಾಪ್‌ಗೆ ಸರಿ. ಜೆಡ್‌ರ್ಯಾಮ್ ಇದ್ದಾಗ ಉಲ್ಟಾ, 100ಕ್ಕೆ ಏರಿಸಬೇಕು. ಇನ್ನೊಂದು ವಿಷಯ: ಡೆಬಿಯನ್ 13ರಲ್ಲಿ ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರ್ ರ್ಯಾಮ್‌ನಲ್ಲೇ ಇರುತ್ತದೆ, ಅರ್ಧ ರ್ಯಾಮ್‌ವರೆಗೆ ಹಿಗ್ಗುತ್ತದೆ. ದೊಡ್ಡ ಜಿಪ್ ಬಿಚ್ಚುವಾಗ ಯಂತ್ರ ಉಸಿರುಗಟ್ಟಿದರೆ ಕಾರಣ ಅದೇ ಇರಬಹುದು. ಟೆಂಪ್ ಮೌಂಟ್ ಅನ್ನು ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಮಾಸ್ಕ್ ಮಾಡಿದರೆ, ಅಂದರೆ ನಿಲ್ಲಿಸಿಟ್ಟರೆ, ಅದು ಡಿಸ್ಕಿಗೆ ಮರಳುತ್ತದೆ.

ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಹಾಕುವುದು ಇಂಥ ಯಂತ್ರಕ್ಕೆ ಡಿಸ್ಟ್ರೊ ಬದಲಿಸುವುದಕ್ಕಿಂತ ಹೆಚ್ಚು ವೇಗ ಕೊಡುತ್ತದೆ. ಯೂಟ್ಯೂಬ್ ತಡವರಿಸುವುದಕ್ಕೆ ಬೇರೆ ಕಾರಣ: ಎನ್3060 ಚಿಪ್ ಎಚ್264 ವಿಡಿಯೊವನ್ನು ಹಾರ್ಡ್‌ವೇರಿನಲ್ಲೇ ಬಿಡಿಸುತ್ತದೆ, ಎವಿ1 ಎಂಬ ಹೊಸ ವಿಡಿಯೊ ರೂಪ ಅದಕ್ಕೆ ಗೊತ್ತೇ ಇಲ್ಲ. ಯೂಟ್ಯೂಬ್‌ನಿಂದ ಎಚ್264 ರೂಪವನ್ನೇ ತರಿಸುವ ಎಚ್264ಇಫೈ ಎಂಬ ಆಡ್‌ಆನ್ ಮತ್ತು ಐ965 ಡ್ರೈವರ್ ಹಾಕಿ 480ಪಿಯಲ್ಲಿ ನೋಡಿ. ಸ್ಪೀಕರ್ ಮೌನವಾಗಿದ್ದರೆ ಆಶ್ಚರ್ಯಪಡಬೇಡಿ, ಕ್ರೋಮ್‌ಬುಕ್‌ಗಳ ದೊಡ್ಡ ತಲೆನೋವೇ ಶಬ್ದ. ಇದಕ್ಕೆಂದೇ ಕ್ರೋಮ್‌ಬುಕ್ ಲಿನಕ್ಸ್ ಆಡಿಯೊ ಎಂಬ ಸ್ಕ್ರಿಪ್ಟ್ ಇದೆ. ಅದಕ್ಕೂ ಬಗ್ಗದಿದ್ದರೆ ಪುಟ್ಟ ಯುಎಸ್‌ಬಿ ಸೌಂಡ್‌ಕಾರ್ಡ್ ಚುಚ್ಚಿದರೆ ಸಾಕು.

ಕನ್ನಡ ಟೈಪಿಂಗ್‌ಗೆ ಐಬಸ್ ಮತ್ತು ಐಬಸ್ ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿ, ಪಟ್ಟಿಯಲ್ಲಿ ಕನ್ನಡದಡಿ ಕೆಜಿಪಿ ಆರಿಸಿ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಇದು ಅದೇ ವಿನ್ಯಾಸ. ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ; ಎಫ್ ಒತ್ತು ಕೂಡಿಸುತ್ತದೆ, ಡಬ್ಲ್ಯೂ ಡಕಾರ ಕೊಡುತ್ತದೆ. ಫೈರ್‌ಫಾಕ್ಸಿನಲ್ಲಿ ಬಂದು ಲಿಬ್ರೆ ಆಫೀಸಿನಲ್ಲಿ ಬರದಿದ್ದರೆ ಲಿಬ್ರೆ ಆಫೀಸ್ ಜಿಟಿಕೆ3 ಪ್ಯಾಕೇಜ್ ಸೇರಿಸಿ. ಅಕ್ಷರದ ಗಾತ್ರ ಬದಲಾಗದಿದ್ದರೆ ಭಾಷೆಯ ಸೆಟ್ಟಿಂಗಿನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ನಿನ ಭಂಡಾರದಲ್ಲೇ ಸಿಗುತ್ತವೆ. ಹಳೆಯ ನುಡಿ ಕಡತ ತೆರೆದಾಗ ಕ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಮತ್ತು ತಲೆಗೆ ಗೀಟಿರುವ ಎ ಕಂಡರೆ ಕಡತ ಕೆಟ್ಟಿಲ್ಲ, ಅದು ಯೂನಿಕೋಡ್ ಅಲ್ಲ ಅಷ್ಟೆ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿಕೊಳ್ಳಿ.

ಪಹಣಿ ನೋಡುವುದು, ಅರ್ಜಿ ತುಂಬುವುದು ಬ್ರೌಸರಿನಲ್ಲೇ ಆಗುವ ಕೆಲಸ. ಟ್ಯಾಲಿ ಬೇಕಾದವರು, ಆಧಾರ್ ಬೆರಳಚ್ಚಿನ ಯಂತ್ರ ಸೇರಿಸಿ ಸೇವಾ ಕೇಂದ್ರ ನಡೆಸುವವರು ಈ ದಾರಿ ಹಿಡಿಯಬೇಡಿ, ಅವಕ್ಕೆ ವಿಂಡೋಸ್ ಬೇಕು. ಜೆರಾಕ್ಸ್ ಅಂಗಡಿಗಳ ಕ್ಯಾನನ್ ಎಲ್‌ಬಿಪಿ2900 ಪ್ರಿಂಟರಿಗೂ ಲಿನಕ್ಸಿಗೂ ಹೊಂದಾಣಿಕೆ ಕಷ್ಟ. ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಒಯ್ಯುವುದು ಸುಲಭ.

ಇಎಂಎಂಸಿ ಯಂತ್ರವಾದರೆ ಆರು ತಿಂಗಳಿಗೊಮ್ಮೆ ಎಂಎಂಸಿ ಯುಟಿಲ್ಸ್‌ನಿಂದ ಎಕ್ಸ್‌ಟಿ ಸಿಎಸ್‌ಡಿ ಎಂಬ, ಚಿಪ್ಪಿನ ಸ್ಥಿತಿಯ ದಾಖಲೆ ಓದಿಸಿ. ಲೈಫ್ ಟೈಮ್ ಎಸ್ಟಿಮೇಷನ್ ಎಂಬ ಎರಡು ಸಾಲಿನಲ್ಲಿ 01 ಇದ್ದರೆ ಚಿಪ್ಪಿನ ಆಯುಸ್ಸಿನಲ್ಲಿ ಸವೆದಿರುವುದು ಶೇಕಡ 10ರೊಳಗೆ, 05 ಇದ್ದರೆ 40ರಿಂದ 50. ಪ್ರಿ ಇಓಎಲ್ ಸಾಲಿನಲ್ಲಿ 01 ಬದಲು 02 ಬಂದ ದಿನವೇ ಹೋಮ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಡಿ. ಆ ಹೊತ್ತಿಗೆ ಚಿಪ್ಪಿನ ಮೀಸಲು ಬ್ಲಾಕುಗಳಲ್ಲಿ ಶೇಕಡ 80 ಖರ್ಚಾಗಿರುತ್ತದೆ.