ಹಗಲು ಮಾಸ್ತರರದು, ರಾತ್ರಿ ಯಾರದು?

ಜೂನ್ ಮೊದಲ ವಾರ ಬಂತೆಂದರೆ ನಮ್ಮ ಸಾಲಿಯ ಅಂಗಳದಲ್ಲಿ ತಗಡಿನ ಟ್ರಂಕುಗಳ ಸಪ್ಪಳ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹುಡುಗನ ಹೆಸರು, ಒಳಗೆ ಎರಡು ಜೊತೆ ಬಟ್ಟೆ, ಒಂದು ಚಾದರ, ಶೇಂಗಾ ಹಿಂಡಿಯ ಡಬ್ಬಿ. ಕೆಲವು ವರ್ಷಗಳ ಹಿಂದೆ ಇಂಡಿ ಕಡೆಯ ತಾಯಿಯೊಬ್ಬಳು ಮಗನನ್ನು ಎಂಟನೇ ಇಯತ್ತೆಗೆ ಹಚ್ಚಿ ಬೋರ್ಡಿಂಗಿನಲ್ಲಿ ಬಿಡುವಾಗ ಅಂದದ್ದು ಇನ್ನೂ ಕಿವಿಯಲ್ಲಿದೆ: “ದೀಪಾವಳಿ ಆತಂದ್ರ ನಾವು ಕಬ್ಬು ಕಡ್ಯಾಕ ಹೋಗ್ತೀವ್ರಿ ಸರ್. ಹುಡುಗನ್ನ ನಿಮ್ಮ ಉಡ್ಯಾಗ ಹಾಕೀನಿ.” ನಾನು ಹೂಂ ಅಂದೆ. ನಾಲ್ಕೂವರೆಗೆ ಗಂಟೆ ಬಾರಿಸಿತು, ಗಾಡಿ ಹತ್ತಿ ಮನೆಗೆ ಬಂದೆ. ಹುಡುಗ ಅಲ್ಲೇ ಉಳಿದ.

ಬೆಳಗಾವಿ ಜಿಲ್ಲೆಯ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ನನಗೆ ಇಪ್ಪತ್ತು ವರ್ಷ ದಾಟಿವೆ. ಸಭೆಗಳಲ್ಲಿ ‘ಶಿಕ್ಷಕರ ತರಬೇತಿ’ ಒಂದು ವಿಷಯವಾದರೆ ‘ಬೋರ್ಡಿಂಗ್ ಸುಧಾರಣೆ’ ಇನ್ನೊಂದು. ಮೊದಲನೆಯದು ಪ್ರೊಜೆಕ್ಟರಿನ ಖರೀದಿಯಲ್ಲಿ, ಎರಡನೆಯದು ಸೋಲಾರ್ ಹೀಟರಿನ ಖರೀದಿಯಲ್ಲಿ ಮುಗಿಯುತ್ತದೆ. ಇವೆರಡೂ ಒಂದೇ ಕೆಲಸವಾಗಿದ್ದ ಕಾಲವೊಂದಿತ್ತು.

ಬೋರ್ಡಿಂಗು ಚರ್ಚು ತಂದ ವಿದೇಶಿ ಸರಕು ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ವಾರಾನ್ನ ಉಂಡು ಓದಿದವರ ನಾಡು ಇದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆಮೇಲೆ ಆ ಭಾರವನ್ನು ಮಠಗಳು ಹೊತ್ತವು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದ ನಿಲಯ ತೆರೆದದ್ದು 1932ರಲ್ಲಿ. ಕ್ಯಾಥೊಲಿಕ್ ಶಾಲೆಗಳ ವಸತಿಯೂ ಇದೇ ಹಸಿವಿಗೆ ಸಿಕ್ಕ ಉತ್ತರಗಳಲ್ಲಿ ಒಂದು. ಬೇರೆ ಏನಾದರೂ ಇದ್ದರೆ, ಹುಡುಗರ ಜೊತೆ ರಾತ್ರಿ ಯಾರು ಇರುತ್ತಿದ್ದರು ಎಂಬುದರಲ್ಲಿ ಇತ್ತು.

ಬೆಳಗಾವಿ ಕ್ಯಾಂಪಿನ ಸೇಂಟ್ ಪಾಲ್ಸ್ ಹೈಸ್ಕೂಲು ಶುರುವಾದದ್ದು 1856ರಲ್ಲಿ. ಅದಕ್ಕೆ ಎರಡೇ ವರ್ಷ ಮೊದಲು, ಬ್ರಿಟಿಷರ ಶಿಕ್ಷಣ ನೀತಿಯಾದ 1854ರ ವುಡ್ ಆದೇಶಪತ್ರ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡಬೇಕು, ಶಿಕ್ಷಕರಿಗೆ ತರಬೇತಿ ಶಾಲೆ ತೆರೆಯಬೇಕು ಎಂದು ಹೇಳಿತ್ತು. ಆಗ ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಪ್ರೌಢಶಾಲೆ ಮಾಸ್ತರರಿಗಾಗಿ ಮುಂಬಯಿಯಲ್ಲಿ ಸರ್ಕಾರಿ ತರಬೇತಿ ಕಾಲೇಜು ಬಂದದ್ದು ಮಾತ್ರ 1906ರಲ್ಲಿ. ಅಲ್ಲಿಯವರೆಗೆ ಶಾಲೆಯಲ್ಲಿದ್ದ ಹಿರಿಯರೇ ಕಿರಿಯರಿಗೆ ತರಬೇತಿ ಕಾಲೇಜು.

ಸೇಂಟ್ ಪಾಲ್ಸ್ ನಡೆಸುವ ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳಿಗೆ ಇದು ಹೊಸದೇನೂ ಆಗಿರಲಿಲ್ಲ. 1599ರಲ್ಲಿ ಅವರು ಹೊರತಂದ ಶಿಕ್ಷಣ ನಿಯಮಾವಳಿಯಲ್ಲೇ ಒಂದು ಮಾತಿದೆ: ಪಾಠ ಮಾಡಲು ಹೋಗಲಿರುವವರು ಓದು ಮುಗಿಯುವ ಹೊತ್ತಿಗೆ ಅನುಭವಸ್ಥ ಶಿಕ್ಷಕನೊಬ್ಬನ ಬಳಿ ವಾರಕ್ಕೆ ಮೂರು ಸಲ, ಒಂದೊಂದು ತಾಸು ಕೂತು ಓದಿಸುವುದು, ಬರೆಸುವುದು, ತಿದ್ದುವುದನ್ನು ರೂಢಿಸಿಕೊಳ್ಳಬೇಕು. ಇದರ ಜೊತೆಗೆ ‘ರೀಜೆನ್ಸಿ’ ಎಂಬ ಪದ್ಧತಿ. ಪಾದ್ರಿಯಾಗಲು ಓದುತ್ತಿರುವ ಯುವಕ ತತ್ವಶಾಸ್ತ್ರ ಮುಗಿಸಿ ದೇವತಾಶಾಸ್ತ್ರಕ್ಕೆ ಹೋಗುವ ನಡುವೆ ಒಂದೆರಡು ವರ್ಷ ಇಂಥ ಶಾಲೆ, ಸಂಸ್ಥೆಗಳಲ್ಲಿ ದುಡಿಯುತ್ತಾನೆ. ಹುಡುಗರು ಅವರನ್ನು ‘ಬ್ರದರ್’ ಎನ್ನುತ್ತಾರೆ. ಬೋರ್ಡಿಂಗ್ ಇದ್ದಲ್ಲಿ ಬ್ರದರ್ ಹಗಲು ಇಂಗ್ಲಿಷ್ ಕಲಿಸುತ್ತಿದ್ದರು, ಸಂಜೆ ಫುಟ್‌ಬಾಲ್ ಆಡುತ್ತಿದ್ದರು, ರಾತ್ರಿ ಸ್ಟಡಿ ಹಾಲಿನಲ್ಲಿ ಕೂರುತ್ತಿದ್ದರು, ದೀಪ ಆರಿದ ಮೇಲೆ ಹುಡುಗರ ಹಾಲಿಗೆ ಅಂಟಿದ ಕೋಣೆಯಲ್ಲೇ ಮಲಗುತ್ತಿದ್ದರು. ಯಾವ ಹುಡುಗನಿಗೆ ಬೀಜಗಣಿತ ತಿಳಿಯುತ್ತಿಲ್ಲ, ಯಾವನಿಗೆ ಜ್ವರ, ಯಾವನು ಊರಿನ ನೆನಪಾಗಿ ಅಳುತ್ತಾನೆ ಎಂಬುದೆಲ್ಲ ಒಬ್ಬರ ತಲೆಯಲ್ಲೇ ಇರುತ್ತಿತ್ತು.

ಇಟಲಿಯ ಟ್ಯೂರಿನ್‌ನಲ್ಲಿ ಡಾನ್ ಬಾಸ್ಕೊ ಎಂಬ ಪಾದ್ರಿ ವಸತಿ ಆರಂಭಿಸಿದ್ದೂ ಹೀಗೆಯೇ, 1847ರಲ್ಲಿ. ಮಳೆಯಲ್ಲಿ ತೊಯ್ದು ಬಂದ ಅನಾಥ ಹುಡುಗನಿಗೆ ಅವರ ತಾಯಿ ಬಿಸಿ ಉಣಿಸಿ, ಅಡುಗೆಮನೆಯಲ್ಲೇ ಇಟ್ಟಿಗೆಯ ಮೇಲೆ ಹಲಗೆ ಹಾಸಿ ಮಲಗಿಸಿದರು. ಶಿಕ್ಷಿಸುವುದಕ್ಕಿಂತ ಮೊದಲೇ ಹುಡುಗರ ನಡುವೆ ಇದ್ದುಬಿಡಿ ಎಂಬುದು ಅವರ ಪದ್ಧತಿಯ ತಿರುಳು.

ಈ ಎರಡು ಕೆಲಸ ಬೇರೆಯಾದದ್ದು ನಿಧಾನಕ್ಕೆ. 1953ರಲ್ಲಿ ಬೆಳಗಾವಿ ತನ್ನದೇ ಬಿಷಪ್ಪರಿರುವ ಧರ್ಮಕ್ಷೇತ್ರವಾಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆಗಳು ಹೆಚ್ಚಿದಂತೆ ಪಾದ್ರಿಗಳು, ಸಿಸ್ಟರುಗಳು ಸಾಲದಾದರು. ನಮ್ಮಂಥ ಸಂಸಾರವಂದಿಗ ಮಾಸ್ತರರು ಬಂದೆವು, ಅದೂ ಬಹುಪಾಲು ಬೇರೆ ಧರ್ಮದವರು. ಅನುದಾನ ಬಂತು. ಸಂಬಳ ಸರ್ಕಾರದ್ದಾಯಿತು, ಒಳ್ಳೆಯದೇ ಆಯಿತು. ಆದರೆ ಆ ಅನುದಾನ ತರಗತಿಯ ಹೊಸ್ತಿಲು ದಾಟಿ ಬೋರ್ಡಿಂಗಿನ ಅಡುಗೆಮನೆಗೆ ಬರಲಿಲ್ಲ. ಈಗ ಅನುದಾನಿತ ಶಾಲೆಯಲ್ಲಿ ಮಾಸ್ತರರೊಬ್ಬರು ನಿವೃತ್ತರಾದರೆ ಆ ಜಾಗ ತುಂಬಲು ಅನುಮತಿಗೆ ವರ್ಷಗಟ್ಟಲೆ ಕಾಯಬೇಕು. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಎಂಬ ಕೂಗಂತೂ ಹಳೆಯದು. ಆಡಳಿತ ಮಂಡಳಿಯ ಕೈಯಲ್ಲಿದ್ದ ಹಣ ಅತಿಥಿ ಶಿಕ್ಷಕರಿಗೆ ಖರ್ಚಾಗುತ್ತದೆ. ಉಳಿದುದರಲ್ಲಿ ಒಬ್ಬ ವಾರ್ಡನ್.

ತರಬೇತಿ ತನ್ನದೇ ದಾರಿ ಹಿಡಿಯಿತು. ನಾನು ಬಿ.ಎಡ್. ಮಾಡುವಾಗ ಅದು ಒಂದೇ ವರ್ಷದ್ದು; 2015ರಿಂದ ಎರಡು ವರ್ಷ. ಪಾಠಯೋಜನೆ ಬರೆದೆ, ಚಾರ್ಟ್ ಮಾಡಿದೆ, ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ಬಾಯಿಪಾಠ ಮಾಡಿದೆ. ರಾತ್ರಿ ಎಂಟಕ್ಕೆ ಹುಡುಗ ಎಲ್ಲಿರುತ್ತಾನೆ ಎಂದು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಅದರ ದಂಡ ಕಟ್ಟಿದವನು ಆ ಇಂಡಿ ಕಡೆಯ ಹುಡುಗ. ನವೆಂಬರಿನಿಂದ ಅವನು ಎರಡನೇ ಪೀರಿಯಡ್ಡಿಗೇ ತೂಕಡಿಸತೊಡಗಿದ. ಎಬ್ಬಿಸಿ ನಿಲ್ಲಿಸಿದೆ, ಹೊರಗೆ ಕಳಿಸಿದೆ, ‘ನಿದ್ರಾದೇವಿ’ ಎಂದು ಹೆಸರಿಟ್ಟೆ, ತರಗತಿ ನಕ್ಕಿತು. ಜನವರಿಯಲ್ಲಿ ಅಡುಗೆಯಾಕೆ ನನ್ನನ್ನು ಬದಿಗೆ ಕರೆದಳು: “ಸರ್, ಆ ಹುಡ್ಗ ಹಾಸಿಗ್ಯಾಗ ಉಚ್ಚಿ ಮಾಡ್ಕೊಂತಾನ್ರಿ. ನಾಕಕ್ಕ ಎದ್ದು ಚಾದರ ತೊಳ್ದು ನೀರಿನ ಟಾಕಿ ಹಿಂದ ಒಣಗ್ಸತಾನ, ಯಾರೂ ನೋಡಬಾರ್ದಂತ.” ಅವ್ವ ಅಪ್ಪ ಕಬ್ಬಿಗೆ ಹೋದ ವಾರದಿಂದ ಶುರುವಾಗಿತ್ತಂತೆ. ವಾರ್ಡನ್ನಿಗೆ ಗೊತ್ತಿತ್ತು. ಅವರು ನನಗೆ ಹೇಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಅವರನ್ನು ಕೇಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

1993ರಲ್ಲಿ ಯೇಸುಸಭೆ ತನ್ನ ಬೋಧನಕ್ರಮವನ್ನು ಹೊಸದಾಗಿ ಐದು ಮೆಟ್ಟಿಲುಗಳಲ್ಲಿ ಬಿಡಿಸಿಟ್ಟಿತು: ಸನ್ನಿವೇಶ, ಅನುಭವ, ಮನನ, ಕ್ರಿಯೆ, ಮೌಲ್ಯಮಾಪನ. ಮೊದಲ ಮೆಟ್ಟಿಲೇ ಮಗುವಿನ ಸನ್ನಿವೇಶ. ಆ ಜನವರಿಯ ನಂತರ ನನಗೆ ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯ ಬೀಳಲಿಲ್ಲ.

ಬೋರ್ಡಿಂಗಿನೊಳಗೆ ಕಾನೂನು ಬಂದದ್ದು ಹೆದರಿಕೆಯ ಬಾಗಿಲಿನಿಂದ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಂಥ ದೌರ್ಜನ್ಯದ ಸುಳಿವು ಸಿಕ್ಕೂ ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಬೇಕಾಗಿತ್ತು ಅದು. ಆದರೆ ಹಲವು ಕಡೆ ಅದು ಗೋಡೆಯ ಮೇಲೊಂದು ಫಲಕ, ಒಂದು ಕ್ಯಾಮೆರಾ ಆಗಿ ನಿಂತಿತು. ಇತ್ತ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಎಂಟನೇ ಇಯತ್ತೆವರೆಗೆ ಕಲಿಸುವ, ಈಗಾಗಲೇ ಸೇವೆಯಲ್ಲಿರುವ ಶಿಕ್ಷಕರಿಗೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕೆಂದಿತು, ಅಲ್ಪಸಂಖ್ಯಾತ ಶಾಲೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಬಿಟ್ಟಿತು. ಸ್ಟಾಫ್ ರೂಮಿನಲ್ಲಿ ಈಗ ಅದೇ ಮಾತು. ಆ ಪರೀಕ್ಷೆಗೆ ನನ್ನ ತಕರಾರಿಲ್ಲ. ಅದೂ ಹತ್ತರಿಂದ ನಾಲ್ಕೂವರೆಯ ಮಾಸ್ತರನನ್ನೇ ಅಳೆಯುತ್ತದೆ, ಅಷ್ಟೇ.

ಹೊಸದಾಗಿ ಸೇರುವ ಮಾಸ್ತರ, ಟೀಚರುಗಳು ಮೊದಲ ವರ್ಷ ವಾರಕ್ಕೆರಡು ಸಂಜೆಯಾದರೂ ಸ್ಟಡಿ ಹಾಲಿನಲ್ಲಿ ಕೂರಲಿ, ಅದಕ್ಕೆ ಸಂಭಾವನೆ ಕೊಡಲಿ, ವಾರ್ಡನ್ನರನ್ನು ಜೂನ್ ತರಬೇತಿಯಲ್ಲಿ ನಮ್ಮ ಪಕ್ಕದಲ್ಲೇ ಕೂರಿಸಲಿ ಎಂದು ನಾವು ಕೆಲವರು ಕೇಳುತ್ತಿದ್ದೇವೆ. ಹಣದ ಮಾತು ಬಂದಾಗ ಸಭೆ ಮುಂದಕ್ಕೆ ಹೋಗುತ್ತದೆ. ಸಣ್ಣ ಮಕ್ಕಳಿರುವ ಟೀಚರುಗಳಿಗೆ ಸಂಜೆ ಉಳಿಯುವುದು ಕಷ್ಟ, ಅದೂ ನಿಜ.

ಹಣ ಬೇಡದ ಒಂದು ಕೆಲಸ ಮಾತ್ರ ನಡೆದಿದೆ. ಸ್ಟಾಫ್ ರೂಮಿನ ಬಾಗಿಲ ಪಕ್ಕ ಮೊಳೆಗೆ ದಾರ ಕಟ್ಟಿ ಇನ್ನೂರು ಪುಟದ ನೋಟ್‌ಬುಕ್ ನೇತುಹಾಕಿದ್ದೇವೆ. ರಾತ್ರಿ ವಾರ್ಡನ್ ಬರೆಯುತ್ತಾರೆ, ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನಾವು ಓದುತ್ತೇವೆ. ನಿನ್ನೆಯ ಪುಟದಲ್ಲಿ ಮೂರು ಸಾಲು ಇದ್ದವು: ಒಬ್ಬನಿಗೆ ಹಲ್ಲುನೋವು, ಇಬ್ಬರ ಜಗಳ, ಎಂಟನೇ ಇಯತ್ತೆಯ ಒಬ್ಬನಿಗೆ ಎರಡು ಶನಿವಾರದಿಂದ ಊರಿನ ಫೋನಿಲ್ಲ. ಮೂರನೇ ಸಾಲಿನ ಹುಡುಗ ನನ್ನ ತರಗತಿಯವನು, ಎರಡನೇ ಬೆಂಚು.